ಕಡಲು ಕಣಕುಂಬಿಯಲ್ಲೇ ಶುರುವಾಗುತ್ತದೆ

ಮಳೆಗಾಲದಲ್ಲಿ ಖಾನಾಪುರದ ಜಲಪಾತಗಳಿಗೆ, ಉಳಿದ ದಿನಗಳಲ್ಲಿ ಗೋವಾದ ಕಡಲಿಗೆ ಹೋಗುವ ಬೆಳಗಾವಿಯ ಗೆಳೆಯರ ಬಳಗಗಳಿಗೆ ಒಂದು ಬಹಿರಂಗ ಪತ್ರ



ಜೂನ್ ತಿಂಗಳಲ್ಲಿ ಎರಡು ಹದವಾದ ಮಳೆ ಬಿದ್ದರೆ ಸಾಕು, ಬೆಳಗಾವಿಯಿಂದ ಜಾಂಬೋಟಿಗೆ ಹೋಗುವ ರಸ್ತೆ ಭಾನುವಾರಗಳಂದು ನಿಮ್ಮದಾಗುತ್ತದೆ. ಬೈಕಿನ ಸಾಲುಗಳು, ಬಾಡಿಗೆ ಟೆಂಪೊಗಳು, ಕಾಲೇಜಿನ ಗುಂಪುಗಳು, ಮಕ್ಕಳುಮರಿ ಕಟ್ಟಿಕೊಂಡು ಹೊರಟ ಕುಟುಂಬಗಳು ವಜ್ರಪೋಹ, ಚಿಖಲೆ, ಸುರ್ಲಾ ಎನ್ನುತ್ತಾ ಕಾಡಿನ ದಾರಿ ಹಿಡಿಯುತ್ತವೆ. ಅಕ್ಟೋಬರಿನಲ್ಲಿ ಮಳೆ ಹಿಂದೆ ಸರಿದ ಮೇಲೆ ಅದೇ ಗಾಡಿಗಳು ಅದೇ ರಸ್ತೆಯಲ್ಲಿ ಕಣಕುಂಬಿ ದಾಟಿ, ಚೋರ್ಲಾ ಘಾಟ್ ಇಳಿದು ಗೋವಾದ ಬೀಚುಗಳಿಗೆ ಹೋಗುತ್ತವೆ. ನಿಮಗೊಂದು ಸಂಘವಿಲ್ಲ, ಅಧ್ಯಕ್ಷರಿಲ್ಲ, ಪತ್ರ ಕಳಿಸಬಹುದಾದ ವಿಳಾಸವೂ ಇಲ್ಲ. ಆದ್ದರಿಂದ ಹೇಳಬೇಕಾದದ್ದನ್ನು ಬಹಿರಂಗವಾಗಿಯೇ ಹೇಳಬೇಕಾಗಿದೆ. ನೀವು ಹೋಗಬಾರದೆಂದು ನಾನು ಹೇಳುವುದಿಲ್ಲ. ನೀರನ್ನು ನೋಡಲು, ನೀರಿಗಿಳಿಯಲು, ಅಲೆಗೆ ಎದೆಯೊಡ್ಡಲು ಮನುಷ್ಯ ಆಸೆಪಡುವುದು ಸಹಜ. ವಾರವಿಡೀ ದುಡಿದವರಿಗೆ, ಓದಿದವರಿಗೆ ಆ ಸುಖ ಸಿಗಲೇಬೇಕು. ಆದರೆ ನೀರಿನಿಂದ ಸುಖ ಪಡೆಯುವವರ ಮೇಲೆ ಆ ನೀರಿನ ಋಣ ಉಳಿದವರಿಗಿಂತ ಒಂದು ತೂಕ ಹೆಚ್ಚು ಎಂಬುದು ನನ್ನ ವಾದ. ಖಾನಾಪುರದ ಮಟ್ಟಿಗೆ ಆ ಋಣ ಇನ್ನೂ ಹೆಚ್ಚು. ನೀವು ಬೇಸಿಗೆಯಲ್ಲಿ ಹುಡುಕಿಕೊಂಡು ಹೋಗುವ ಕಡಲು ನೀವು ಮಳೆಗಾಲದಲ್ಲಿ ಕೂತು ಊಟ ಮಾಡುವ ಬಂಡೆಯ ಬುಡದಲ್ಲೇ ಶುರುವಾಗುತ್ತದೆ.

ಇದು ಬರೀ ಮಾತಿನ ಚಂದಕ್ಕೆ ಹೇಳಿದ್ದಲ್ಲ, ಇಲ್ಲಿನ ಭೂಗೋಳವೇ ಹಾಗಿದೆ. ಕಣಕುಂಬಿಯಲ್ಲಿ ಮಲಪ್ರಭೆ ಹುಟ್ಟುತ್ತಾಳೆ. ಹಬ್ಬನಹಟ್ಟಿಯ ಮಾರುತಿ ಗುಡಿಯನ್ನು, ಅಸೋಗಾದ ರಾಮಲಿಂಗೇಶ್ವರನನ್ನು ಮುಟ್ಟಿ, ಖಾನಾಪುರ ಪಟ್ಟಣವನ್ನೂ ಎಂ.ಕೆ. ಹುಬ್ಬಳ್ಳಿಯನ್ನೂ ದಾಟಿ, ಸವದತ್ತಿಯ ನವಿಲುತೀರ್ಥದ ಅಣೆಕಟ್ಟೆಯಲ್ಲಿ ನಿಂತು, ಸುಮಾರು 300 ಕಿಲೋಮೀಟರ್ ಹರಿದು ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಕೂಡುತ್ತಾಳೆ. ಕೃಷ್ಣೆ ಆಂಧ್ರಪ್ರದೇಶದ ಹಂಸಲದೀವಿಯ ಬಳಿ ಬಂಗಾಳ ಕೊಲ್ಲಿಯನ್ನು ಸೇರುತ್ತಾಳೆ. ಅದೇ ಕಣಕುಂಬಿಯ ಇನ್ನೊಂದು ಮಗ್ಗುಲಲ್ಲಿ ಬಿದ್ದ ಮಳೆ ಕಳಸಾ ನಾಲೆಯಾಗಿ ಮಹದಾಯಿಯ ಕಡೆಗೆ ಇಳಿಯುತ್ತದೆ. ಭೀಮಗಡದ ಕಾಡಿನಲ್ಲಿ ದೇಗಾಂವದ ಬಳಿ ಹುಟ್ಟುವ ಮಹದಾಯಿ ಗೋವಾದಲ್ಲಿ ಮಾಂಡೋವಿ ಎನಿಸಿಕೊಂಡು, ಹುಟ್ಟಿನಿಂದ ಅಳಿವೆಯವರೆಗೆ ಸುಮಾರು 80 ಕಿಲೋಮೀಟರ್ ಮಾತ್ರ ಹರಿದು, ಪಣಜಿಯ ಬಳಿ ಅರಬ್ಬಿ ಸಮುದ್ರ ಸೇರುತ್ತದೆ. ಕಾಕತಿಯ ಪಕ್ಕದಲ್ಲಿ ಹರಿಯುವ ನಮ್ಮ ಮಾರ್ಕಂಡೇಯ ನದಿಯೂ ಖಾನಾಪುರ ತಾಲ್ಲೂಕಿನ ಬೈಲೂರಿನ ಕಡೆಯದೇ. ಅದು ಗೊಡಚಿನಮಲ್ಕಿಯಲ್ಲಿ ಧುಮ್ಮಿಕ್ಕಿ, ಘಟಪ್ರಭೆಯೊಡನೆ ಕೃಷ್ಣೆಯ ಪಾಲಾಗುತ್ತದೆ. ಒಂದೇ ತಾಲ್ಲೂಕಿನ ನೀರು ಎರಡು ಸಮುದ್ರಗಳಿಗೆ ಹಂಚಿಹೋಗುತ್ತದೆ. ಇಂಥ ನೆತ್ತಿಯ ಮೇಲೆ ಕೈಬಿಟ್ಟ ಒಂದು ಪ್ಲಾಸ್ಟಿಕ್ ತುಂಡಿಗೆ ದಾರಿ ಎರಡಿರಬಹುದು, ಎರಡೂ ಇಳಿಜಾರೇ.

ನದಿಗಳ ಮೂಲಕ ಸಮುದ್ರಕ್ಕೆ ಹೋಗುವ ಪ್ಲಾಸ್ಟಿಕ್ಕಿನ ಬಗ್ಗೆ ಬಹಳ ದಿನ ಇದ್ದ ತಿಳಿವಳಿಕೆ ಎಂದರೆ, ಗಂಗೆ, ಯಾಂಗ್ಟ್ಸಿಯಂಥ ಬೆರಳೆಣಿಕೆಯ ಮಹಾನದಿಗಳೇ ಬಹುಪಾಲು ಕಸ ಹೊರುತ್ತವೆ ಎಂಬುದು. 2021ರಲ್ಲಿ 'ಸೈನ್ಸ್ ಅಡ್ವಾನ್ಸಸ್' ಪತ್ರಿಕೆಯಲ್ಲಿ ಬಂದ ಅಧ್ಯಯನವೊಂದು ಈ ಚಿತ್ರವನ್ನು ಬದಲಿಸಿತು. ನದಿಗಳಿಂದ ವರ್ಷಕ್ಕೆ 8 ಲಕ್ಷದಿಂದ 27 ಲಕ್ಷ ಟನ್ ಪ್ಲಾಸ್ಟಿಕ್ ಕಡಲು ಸೇರುತ್ತದೆ ಎಂದು ಲೆಕ್ಕ ಹಾಕಿದ ಆ ಸಂಶೋಧಕರು, ಅದರ ಶೇ 80ರಷ್ಟನ್ನು ಹೊರುವ ನದಿಗಳು ಹತ್ತಿಪ್ಪತ್ತಲ್ಲ, ಸಾವಿರಕ್ಕೂ ಹೆಚ್ಚು ಎಂದರು. ಅವುಗಳಲ್ಲಿ ಅನೇಕವು ಸಣ್ಣ ನದಿಗಳು. ಎಸೆದ ಕಸ ಕಡಲು ಮುಟ್ಟುವ ಸಾಧ್ಯತೆಯನ್ನು ಹೆಚ್ಚಿಸುವ ಸಂಗತಿಗಳನ್ನು ಅವರು ಗುರುತಿಸಿದ್ದಾರೆ: ಮಳೆ ಹೆಚ್ಚಿರಬೇಕು, ನೆಲ ಇಳಿಜಾರಾಗಿರಬೇಕು, ಎಸೆದ ಜಾಗ ನದಿಗೆ ಹತ್ತಿರವಿರಬೇಕು, ನದಿಯಿಂದ ಕಡಲಿಗೆ ದೂರ ಕಡಿಮೆಯಿರಬೇಕು. ಈ ನಾಲ್ಕನ್ನೂ ಹಿಡಿದುಕೊಂಡು ಮಹದಾಯಿಯನ್ನು ನೋಡಿ. ಬೆಳಗಾವಿ ಜಿಲ್ಲೆಯಲ್ಲೇ ಅತಿ ಹೆಚ್ಚು ಮಳೆ ಬೀಳುವ ಊರುಗಳಲ್ಲಿ ಕಣಕುಂಬಿ ಒಂದು. ಚೋರ್ಲಾದ ಅಂಚಿನಿಂದ ನೆಲ ಪಾತಾಳಕ್ಕಿಳಿದಂತೆ ಇಳಿಯುತ್ತದೆ. ನೀವು ಕೂರುವ ಜಾಗ ನದಿಗೆ ಹತ್ತಿರ ಎನ್ನುವಂತೆಯೂ ಇಲ್ಲ, ನದಿಯೊಳಗೇ ಇದೆ. ಕಡಲು ಒಂದು ದಿನದ ದಾರಿ. ನದಿಯ ಮುಖ್ಯ ಹರಿವಿಗೆ ಅಡ್ಡವಾಗಿ ಕಸವನ್ನು ತಡೆದು ನಿಲ್ಲಿಸುವಂಥ ದೊಡ್ಡ ಅಣೆಕಟ್ಟೆಯೂ ಇಲ್ಲ. ಜುಲೈ ತಿಂಗಳ ಒಂದು ಭಾನುವಾರ ಸಂಜೆ ಬಂಡೆಯ ಸಂದಿಯಲ್ಲಿ ಬಿಟ್ಟ ಚಿಪ್ಸ್ ಪ್ಯಾಕೆಟ್ಟು ರಾತ್ರಿಯ ಮಳೆಗೆ ಎದ್ದು ಹೊರಟರೆ, ಮಾಂಡೋವಿಯ ಬಾಯಲ್ಲೇ ಇರುವ ಮಿರಾಮಾರ್ ಬೀಚಿಗೆ ನಿಮಗಿಂತ ಮುಂಚೆಯೇ ತಲುಪಿರಬಹುದು. ಪಣಜಿಯ ಬಳಿ ದೋನಾ ಪಾವುಲಾದಲ್ಲಿರುವ ರಾಷ್ಟ್ರೀಯ ಸಾಗರವಿಜ್ಞಾನ ಸಂಸ್ಥೆಯ ವಿಜ್ಞಾನಿಗಳು ಗೋವಾದ ಮರಳಿನಲ್ಲಿ, ಅಳಿವೆಗಳ ನೀರಿನಲ್ಲಿ, ಜನ ತಿನ್ನುವ ಚಿಪ್ಪುಜೀವಿಗಳಲ್ಲಿ ಮೈಕ್ರೋಪ್ಲಾಸ್ಟಿಕ್ ಇರುವುದನ್ನು ಕಂಡಿದ್ದಾರೆ. ಆ ಕಣಗಳ ಪೈಕಿ ಖಾನಾಪುರದಿಂದ ಬಂದದ್ದೆಷ್ಟು ಎಂದು ಯಾರೂ ಬೇರ್ಪಡಿಸಿ ಹೇಳಲಾಗದು. ಆದರೆ ಮೇಲಿನಿಂದ ಬರುವ ದಾರಿ ತೆರೆದೇ ಇದೆ ಎಂಬುದರಲ್ಲಿ ಅನುಮಾನವಿಲ್ಲ.

ಈಗ ಆ ಬಂಡೆಯ ಬುಡವನ್ನೇ ಹತ್ತಿರದಿಂದ ನೋಡೋಣ. ಗುಂಪೊಂದು ಎದ್ದುಹೋದ ಜಾಗದಲ್ಲಿ ಸಾಮಾನ್ಯವಾಗಿ ಉಳಿಯುವುದು ಇಷ್ಟು: ನೀರಿನ ಬಾಟಲಿಗಳು, ಬೆಳ್ಳಿಬಣ್ಣದ ಪದರ ಅಂಟಿಸಿದ ಪೇಪರ್ ಪ್ಲೇಟುಗಳು, ಕುರುಕಲು ತಿಂಡಿಯ ಪ್ಯಾಕೆಟ್ಟುಗಳು, ಗುಟ್ಕಾ ಚೀಟಿಗಳು, ಮದ್ಯದ ಗಾಜಿನ ಬಾಟಲಿ ಇಲ್ಲವೆ 90 ಎಂಎಲ್‌ನ ಟೆಟ್ರಾ ಪ್ಯಾಕ್. ನೋಡಲು ಎಲ್ಲವೂ ಕಚರಾ. ಆದರೆ ಒಂದೊಂದರ ಮುಂದಿನ ಬದುಕು ಬೇರೆಬೇರೆ. ನೀರಿನ ಬಾಟಲಿಗೆ ಗುಜರಿಯಲ್ಲಿ ಬೆಲೆಯಿದೆ. ಚಿಂದಿ ಆಯುವವರು ಅಲ್ಲಿಯವರೆಗೂ ಬಂದರೆ ಅದನ್ನು ಎತ್ತಿಕೊಳ್ಳುತ್ತಾರೆ. ತಿಂಡಿಯ ಪ್ಯಾಕೆಟ್ಟನ್ನು ಯಾರೂ ಎತ್ತುವುದಿಲ್ಲ. ಹೊರಗೊಂದು ಮುದ್ರಿತ ಪ್ಲಾಸ್ಟಿಕ್ ಹಾಳೆ, ನಡುವೆ ಅಲ್ಯೂಮಿನಿಯಮ್ಮಿನ ತೆಳು ಲೇಪ, ಒಳಗೆ ಇನ್ನೊಂದು ಬಗೆಯ ಪ್ಲಾಸ್ಟಿಕ್. ಈ ಪದರಗಳನ್ನು ಬಿಡಿಸಿ ಕರಗಿಸುವುದು ಲಾಭದ ಕೆಲಸವಲ್ಲವಾದ್ದರಿಂದ ಗುಜರಿಯವನಿಗೆ ಅದು ಬೇಡ. ಪ್ಯಾಕೆಟ್ಟನ್ನು ಹಲ್ಲಿನಿಂದ ಕಚ್ಚಿ ಹರಿದಾಗ ಉದುರುವ ಮೂಲೆಯ ಚೂರಂತೂ ಕಸ ಎತ್ತಲು ಹೋದವರ ಕಣ್ಣಿಗೂ ಬೀಳದು. ಅದು ಎಲೆಗಳ ನಡುವೆ ಸೇರಿ, ಬಿಸಿಲಿಗೆ ಬಿರುಕು ಬಿಟ್ಟು, ನೀರಿಗೆ ಸವೆದು ಸಣ್ಣದಾಗುತ್ತದೆ, ಇಲ್ಲವಾಗುವುದಿಲ್ಲ. ಗಾಜಿನ ಬಾಟಲಿ ಕಡಲಿನ ತನಕ ಹೋಗಲಿಕ್ಕಿಲ್ಲ. ಅದು ಅಲ್ಲೇ ಒಡೆದು, ಗವಳಿಗರ ಎಮ್ಮೆಗಳು ನೀರಿಗಿಳಿಯುವ ದಾರಿಯಲ್ಲಿ ಮಣ್ಣಿನಡಿ ಚೂರಾಗಿ ಉಳಿಯುತ್ತದೆ. ಗೊರಸಿಗೆ ಗಾಜು ಹೊಕ್ಕ ಎಮ್ಮೆ ಮೇಯಲು ಹೋಗಲಾರದು, ಹಾಲು ಇಳಿಯುತ್ತದೆ. ಆ ನಷ್ಟವನ್ನು ತುಂಬಿಕೊಡುವ ಕಚೇರಿ ಯಾವುದೂ ಇಲ್ಲ.

ನೀರಿನ ಸುಖಕ್ಕೂ ಹೊಣೆಗೂ ಇರುವ ನಂಟನ್ನು ಎಲ್ಲರಿಗಿಂತ ಚೆನ್ನಾಗಿ ಬಲ್ಲವರು ಸರ್ಫಿಂಗ್ ಮಾಡುವವರು. ಹಲಗೆಯ ಮೇಲೆ ಕೂತು ಅಲೆಗಾಗಿ ಗಂಟೆಗಟ್ಟಲೆ ಕಾಯುವವರ ಬಾಯಿ, ಮೂಗು, ಕಿವಿಗಳಿಗೆ ಕಡಲಿನ ನೀರು ಹೋಗುತ್ತಲೇ ಇರುತ್ತದೆ. ಬ್ರಿಟನ್ನಿನ ಎಕ್ಸೆಟರ್ ವಿಶ್ವವಿದ್ಯಾಲಯದ ಸಂಶೋಧಕರು 143 ಮಂದಿ ಸರ್ಫರ್‌ಗಳನ್ನೂ ಸರ್ಫಿಂಗ್ ಮಾಡದ 130 ಮಂದಿಯನ್ನೂ ಪರೀಕ್ಷಿಸಿ 2018ರಲ್ಲಿ ಫಲಿತಾಂಶ ಪ್ರಕಟಿಸಿದರು. ಒಂದು ಮುಖ್ಯ ಆ್ಯಂಟಿಬಯೋಟಿಕ್‌ಗೆ ಬಗ್ಗದ ಇ. ಕೋಲಿ ಬ್ಯಾಕ್ಟೀರಿಯಾ ಸರ್ಫಿಂಗ್ ಮಾಡದವರಲ್ಲಿ ಶೇ 3ರಷ್ಟು ಜನರ ಕರುಳಿನಲ್ಲಿದ್ದರೆ, ಸರ್ಫರ್‌ಗಳಲ್ಲಿ ಶೇ 9ರಷ್ಟು ಜನರಲ್ಲಿತ್ತು. ಊರಿನ ಕೊಳಚೆ ಅವರ ಹೊಟ್ಟೆಗೇ ಬಂದಿತ್ತು. ಆ ದೇಶದ ಕಾರ್ನ್‌ವಾಲ್ ತೀರದ ಸರ್ಫರ್‌ಗಳು ಇದನ್ನು ಸಂಶೋಧನೆಗೂ ಬಹಳ ಮೊದಲೇ ಅನುಭವದಿಂದ ತಿಳಿದಿದ್ದರು. 1990ರಲ್ಲಿ ಅವರು 'ಸರ್ಫರ್ಸ್ ಅಗೇನ್‌ಸ್ಟ್ ಸ್ಯೂಯೇಜ್' ಎಂಬ ಸಂಘಟನೆ ಕಟ್ಟಿ, ಈಜುಡುಗೆಯ ಮೇಲೆ ಗ್ಯಾಸ್ ಮಾಸ್ಕ್ ತೊಟ್ಟು, ಹಲಗೆಗಳನ್ನು ಹೊತ್ತು ಬೀದಿಗಿಳಿದರು. ಅಮೆರಿಕದಲ್ಲಿ 1984ರಲ್ಲಿ ಮಾಲಿಬು ತೀರದ ಸರ್ಫರ್‌ಗಳು ಕಟ್ಟಿದ ಸರ್ಫ್‌ರೈಡರ್ ಫೌಂಡೇಶನ್, ಕ್ಯಾಲಿಫೋರ್ನಿಯಾದ ಹಂಬೋಲ್ಟ್ ತೀರದಲ್ಲಿ ಕಡಲಿಗೆ ತ್ಯಾಜ್ಯ ಬಿಡುತ್ತಿದ್ದ ಎರಡು ಕಾಗದದ ತಿರುಳಿನ ಕಾರ್ಖಾನೆಗಳ ಮೇಲೆ ದಾವೆ ಹೂಡಿ, 1991ರಲ್ಲಿ ಅವು ದಂಡ ತೆತ್ತು ದಾರಿಗೆ ಬರುವಂತೆ ಮಾಡಿತು. ನಮ್ಮ ರಾಜ್ಯದಲ್ಲೂ ಈ ಆಟ ಹೊಸದಲ್ಲ. ಮೂಲ್ಕಿಯಲ್ಲಿ ಅಮೆರಿಕ ಮೂಲದ ಜಾಕ್ ಹೆಬ್ನರ್ 2004ರಲ್ಲಿ ಶುರುಮಾಡಿದ ಮಂತ್ರ ಸರ್ಫ್ ಕ್ಲಬ್‌ನಿಂದ ಭಾರತದ ಸರ್ಫಿಂಗ್ ಬೇರುಬಿಟ್ಟಿತು. 2016ರಲ್ಲಿ ಪಕ್ಕದ ಸಸಿಹಿತ್ಲುವಿನಲ್ಲಿ ಇಂಡಿಯನ್ ಓಪನ್ ಆಫ್ ಸರ್ಫಿಂಗ್ ಮೊದಲ ಬಾರಿಗೆ ನಡೆಯಿತು. ಸಸಿಹಿತ್ಲು ಶಾಂಭವಿ, ನಂದಿನಿ ನದಿಗಳು ಕೂಡಿ ಕಡಲು ಸೇರುವ ಜಾಗ. ಅಲ್ಲಿ ಅಲೆಯೇರುವವರಿಗೆ ಮೇಲಿನ ಊರುಗಳು ನದಿಗೆ ಏನು ಬಿಟ್ಟವು ಎಂಬುದನ್ನು ಯಾರೂ ವರದಿ ಓದಿ ಹೇಳಬೇಕಾಗಿಲ್ಲ. ನಾವು ಬೆಳಗಾವಿಯವರು ಆ ಮೇಲಿನ ಊರಿನವರು. ಕೆಳಗಿನವರ ಹೊಟ್ಟೆಗೆ ಏನು ಹೋಗುತ್ತದೆ ಎಂಬುದು ನಮ್ಮ ಕೈಯಲ್ಲಿದೆ.

ನಿಮ್ಮಲ್ಲಿ ಓದಿಕೊಂಡವರು, ಯೋಚಿಸುವವರು ಇಲ್ಲೊಂದು ಆಕ್ಷೇಪ ಎತ್ತುತ್ತೀರಿ. ಅದು ಹಗುರವಾದ ಆಕ್ಷೇಪವಲ್ಲ. 'ನಿಜವಾದ ಮಾಲಿನ್ಯ ನಮ್ಮ ಚಿಪ್ಸ್ ಪ್ಯಾಕೆಟ್ಟಿನದಲ್ಲ. ಬೆಳಗಾವಿಯ ಕೊಳಚೆ ಹೊತ್ತ ಬಳ್ಳಾರಿ ನಾಲಾ ಮುಂದೆ ಹೋಗಿ ಮಾರ್ಕಂಡೇಯಕ್ಕೆ ಸೇರುತ್ತದೆ. ಗೋವಾದ ಮರಳಿನ ಮೇಲೆ ಪ್ರತಿವರ್ಷ ಬಂದು ಬೀಳುವ ಡಾಂಬರಿನ ಉಂಡೆಗಳು ಹಡಗುಗಳ ಎಣ್ಣೆಯವು. ಬೆಲೆಯಿಲ್ಲದ ಪ್ಯಾಕೆಟ್ಟನ್ನು ತಯಾರಿಸಿ ಕೋಟಿಗಟ್ಟಲೆ ಗಳಿಸುವುದು ಕಂಪನಿ. ಇವರನ್ನೆಲ್ಲ ಬಿಟ್ಟು ಭಾನುವಾರ ಒಂದು ದಿನ ಹೊರಗೆ ಹೋಗುವ ಹುಡುಗರ ಬೆನ್ನು ಹತ್ತುವುದು ಯಾವ ನ್ಯಾಯ?' ಈ ಮಾತಿನ ಒಂದೊಂದು ಅಕ್ಷರವನ್ನೂ ನಾನು ಒಪ್ಪುತ್ತೇನೆ. ಕೊಳಚೆ ನೀರನ್ನು ಶುದ್ಧೀಕರಿಸದೆ ನದಿಗೆ ಬಿಡುವ ನಗರದ ಮುಂದೆ ಒಂದು ಗುಂಪಿನ ಕಸ ಏನೇನೂ ಅಲ್ಲ. ವೈಯಕ್ತಿಕ ಹೊಣೆಯ ಮಾತನ್ನು ಕಂಪನಿಗಳು ತಮ್ಮ ಹೊಣೆ ಮರೆಸಲು ಬಳಸಿಕೊಂಡ ಉದಾಹರಣೆಗಳೂ ಜಗತ್ತಿನಲ್ಲಿ ಬೇಕಾದಷ್ಟಿವೆ. ಆದರೂ ಎರಡು ಕಾರಣಕ್ಕೆ ಈ ಆಕ್ಷೇಪ ನಿಮ್ಮನ್ನು ಬಿಡುಗಡೆ ಮಾಡುವುದಿಲ್ಲ. ಮೊದಲನೆಯದು ಜಾಗದ್ದು. ಬಳ್ಳಾರಿ ನಾಲಾದ ಕೊಳಚೆಗೆ ಶುದ್ಧೀಕರಣ ಘಟಕ ಎಂಬ ಪರಿಹಾರವಿದೆ. ಅದು ತಡವಾಗಬಹುದು, ಜಗಳವಾಗಬಹುದು, ಆದರೆ ಪರಿಹಾರದ ದಾರಿ ಗೊತ್ತಿದೆ. ಭೀಮಗಡದ ಅಂಚಿನ ಕಣಿವೆಯ ಬಂಡೆಸಂದಿಯಲ್ಲಿ ಬಿದ್ದ ಪ್ಯಾಕೆಟ್ಟಿಗೆ ಅಂಥ ಘಟಕ ಎಂದೂ ಬರಲಾರದು. ಅದನ್ನು ಅಲ್ಲಿಗೆ ಒಯ್ದ ಕೈಯೇ ವಾಪಸು ತರಬೇಕು, ಬೇರೆ ಉಪಾಯವಿಲ್ಲ. ಅಲ್ಲಿಯವರೆಗೆ ಶುದ್ಧವಾಗಿದ್ದ ನೀರು ಅಲ್ಲಿ ಮೊದಲ ಬಾರಿಗೆ ಕೆಡುವುದು ನಮ್ಮಿಂದ ಮಾತ್ರ.

ಎರಡನೆಯ ಕಾರಣ ನೈತಿಕ ಹಕ್ಕಿನದು. ಇದರ ಬಗ್ಗೆ ನನಗೆ ಹೆಚ್ಚು ಕಳಕಳಿಯಿದೆ. ಈ ಮಹದಾಯಿಗಾಗಿ ಉತ್ತರ ಕರ್ನಾಟಕ ಪಟ್ಟ ಪಾಡನ್ನು ನೆನಪಿಸಿಕೊಳ್ಳಿ. ಕಳಸಾ, ಬಂಡೂರಿ ಹಳ್ಳಗಳ ನೀರನ್ನು ಮಲಪ್ರಭೆಗೆ ತಿರುಗಿಸಿ ಎಂದು ನರಗುಂದ, ನವಲಗುಂದದ ರೈತರು 2015ರಲ್ಲಿ ಶುರುಮಾಡಿದ ಧರಣಿ ತಿಂಗಳುಗಳಲ್ಲ, ವರ್ಷಗಳನ್ನು ದಾಟಿತು. ಬಂದ್‌ಗಳಾದವು, ಲಾಠಿ ಬಿದ್ದವು, ಜನ ಜೈಲಿಗೆ ಹೋದರು. 2018ರ ಆಗಸ್ಟಿನಲ್ಲಿ ಮಹದಾಯಿ ಜಲವಿವಾದ ನ್ಯಾಯಮಂಡಳಿ ತೀರ್ಪು ಕೊಟ್ಟಾಗ ಕರ್ನಾಟಕಕ್ಕೆ ದಕ್ಕಿದ್ದು 13.42 ಟಿಎಂಸಿ ಅಡಿ; ಅದರಲ್ಲಿ ಮಲಪ್ರಭೆಗೆ ತಿರುಗಿಸಿಕೊಳ್ಳಬಹುದಾದದ್ದು 3.9 ಮಾತ್ರ, ಕಳಸಾದಿಂದ 1.72, ಬಂಡೂರಿಯಿಂದ 2.18. ದಶಮಾಂಶದ ಎರಡನೆಯ ಸ್ಥಾನದವರೆಗೆ ಲೆಕ್ಕವಿಟ್ಟು ಹಂಚಿಕೊಂಡ ನೀರಿದು. ಕುಡಿಯುವ ನೀರಿಗಾಗಿ ಎಂದು ನಾವು ದೇಶದ ಮುಂದೆ ವಾದಿಸಿದ ನೀರಿದು. ಗೋವಾ ಇದನ್ನು ಇನ್ನೂ ಒಪ್ಪಿಲ್ಲ. ನದಿಯ ಕಾಡು, ಜೀವಿಗಳು, ಅಳಿವೆಯ ಉಪ್ಪು-ಸಿಹಿ ನೀರಿನ ಸಮತೋಲನ ಕೆಡುತ್ತದೆ ಎನ್ನುವುದು ಅದರ ವಾದ. ಆ ವಾದ ಸರಿಯೋ ತಪ್ಪೋ ನ್ಯಾಯಾಲಯ ತೀರ್ಮಾನಿಸಲಿ. ಆದರೆ ಅದೇ ನದಿಯ ತಲೆಯಲ್ಲಿ ಕೂತು ನಾವೇ ಬಾಟಲಿ, ಪ್ಲೇಟು ಬಿಟ್ಟುಬಂದರೆ, ಈ ನೀರು ನಮಗೆ ಜೀವಜಲ ಎಂದು ಹೇಳುವಾಗ ನಮ್ಮ ದನಿ ಯಾರಿಗೆ ನಂಬಿಕೆ ಹುಟ್ಟಿಸೀತು? ನಗರಪಾಲಿಕೆಯನ್ನು, ಕಂಪನಿಯನ್ನು, ಸರ್ಕಾರವನ್ನು ಪ್ರಶ್ನಿಸಲು ಹೊರಟವರ ಕೈ ಶುದ್ಧವಿರಬೇಕು. ಕಾರ್ನ್‌ವಾಲಿನವರ ಮಾತಿಗೆ, ಹಂಬೋಲ್ಟ್‌ನವರ ದಾವೆಗೆ ತೂಕ ಬಂದದ್ದು ಅವರು ಆ ನೀರನ್ನು ತಮ್ಮದೆಂದು ನೋಡಿಕೊಂಡಿದ್ದರಿಂದ. ವೈಯಕ್ತಿಕ ಹೊಣೆ ದೊಡ್ಡವರ ಹೊಣೆಗೆ ಬದಲಿಯಲ್ಲ ಎಂಬುದು ನಿಜ. ದೊಡ್ಡವರನ್ನು ಕೇಳುವ ಹಕ್ಕಿಗೆ ಅದು ಮುಂಗಡ.

ಇನ್ನೊಂದು ದೂರು ಹೆಚ್ಚು ಸಾಮಾನ್ಯವಾದದ್ದು: 'ಅಲ್ಲಿ ಕಸದ ಡಬ್ಬಿಯೇ ಇಲ್ಲ, ನಾವೇನು ಮಾಡೋಣ?' ಡಬ್ಬಿ ಇಟ್ಟರೆ ಕೆಲಸ ಮುಗಿಯಿತು ಎಂಬ ನಂಬಿಕೆ ನಗರದ್ದು. ಕಾಡಿನ ನಡುವೆ ಇಟ್ಟ ಡಬ್ಬಿಗೆ ಭಾನುವಾರ ಮಧ್ಯಾಹ್ನದೊಳಗೆ ಮಂಗಗಳು ಬರುತ್ತವೆ, ರಾತ್ರಿ ಹಂದಿ ಕರಡಿಗಳು ಬರುತ್ತವೆ; ಸೋಮವಾರ ಬೆಳಿಗ್ಗೆ ಅದು ಖಾಲಿ, ಕಸ ಸುತ್ತ ಹತ್ತು ಮಾರು ಹರಡಿರುತ್ತದೆ. ಡಬ್ಬಿಯ ಯೋಗ್ಯತೆ ಅದನ್ನು ಖಾಲಿ ಮಾಡಲು ಬರುವ ಗಾಡಿಯದು. ನಮ್ಮ ಗ್ರಾಮ ಪಂಚಾಯತಿಗಳಿಗೆ ಸ್ವಚ್ಛ ವಾಹಿನಿ ಎಂಬ ಕಸದ ಗಾಡಿಗಳು ಬಂದಿವೆ. ಅನೇಕ ಕಡೆ ಸ್ವಸಹಾಯ ಸಂಘದ ಹೆಣ್ಣುಮಕ್ಕಳೇ ಅವನ್ನು ಓಡಿಸುತ್ತಾರೆ. ಅದು ಹಳ್ಳಿಯ ಮನೆಗಳ ಕಸಕ್ಕೆ ಮಾಡಿದ ವ್ಯವಸ್ಥೆ. ನಗರದಿಂದ ಬಂದ ನೂರಾರು ಜನರ ಕಸವನ್ನು ಕಣಿವೆಗಿಳಿದು ಹೊತ್ತು ತರಲು ಆ ಹೆಣ್ಣುಮಕ್ಕಳಿಗೆ ಯಾರು ಕೂಲಿ ಕೊಡುತ್ತಾರೆ? ಕಾಸರಕೋಡು, ಪಡುಬಿದ್ರಿ ಬೀಚುಗಳಿಗೆ 2020ರಲ್ಲಿ ಬ್ಲೂ ಫ್ಲ್ಯಾಗ್ ಮಾನ್ಯತೆ ಸಿಕ್ಕಿತು. 33 ಮಾನದಂಡಗಳನ್ನು ಪೂರೈಸಲು ಅಲ್ಲಿ ಸಿಬ್ಬಂದಿ, ಶೌಚಾಲಯ, ದಿನಾ ಗುಡಿಸುವ ಏರ್ಪಾಡು ಎಲ್ಲ ಮಾಡಲಾಯಿತು. ರಸ್ತೆ, ಗೇಟು, ಟಿಕೆಟ್ಟು ಇರುವ ಒಂದು ತುಂಡು ಮರಳಿನಲ್ಲಿ ಅದು ಸಾಧ್ಯ. ಸುರ್ಲಾದ ಕಣಿವೆಯಲ್ಲಿ ಸಾಧ್ಯವಿಲ್ಲ, ಸಾಧ್ಯವಾಗಲೂಬಾರದು. ಅಷ್ಟು ಸಿಬ್ಬಂದಿ, ಅಷ್ಟು ಕಾಂಕ್ರೀಟು ಬಂದ ದಿನ ನೀವು ನೋಡಲು ಹೋದ ಕಾಡು ಅಲ್ಲಿರುವುದಿಲ್ಲ.

ಕಾನೂನಿಲ್ಲ ಎಂದೂ ಅಲ್ಲ. ಭೀಮಗಡ 2011ರಲ್ಲಿ ವನ್ಯಜೀವಿಧಾಮವಾಯಿತು. ವನ್ಯಜೀವಿ ಸಂರಕ್ಷಣಾ ಕಾಯ್ದೆಯ 27ನೇ ಕಲಮಿನ ಪ್ರಕಾರ ಅಂಥ ನೆಲದಲ್ಲಿ ಕಸ ಚೆಲ್ಲುವುದೇ ಅಪರಾಧ. ಕರ್ನಾಟಕ 2016ರಲ್ಲೇ ಪ್ಲಾಸ್ಟಿಕ್ ಚೀಲ, ತಟ್ಟೆ, ಲೋಟ, ಚಮಚಗಳನ್ನು ನಿಷೇಧಿಸಿತು. ದೇಶದ ಮಟ್ಟದ ನಿಷೇಧ 2022ರ ಜುಲೈ 1ರಿಂದ ಬಂತು. ಗೋವಾ 2019ರಲ್ಲಿ ತನ್ನ ಪ್ರವಾಸಿ ತಾಣಗಳ ಕಾಯ್ದೆಗೆ ತಿದ್ದುಪಡಿ ತಂದು, ಬೀಚಿನಲ್ಲಿ ಬಯಲಿಗೆ ಕೂತು ಕುಡಿಯುವವರಿಗೆ, ಅಡುಗೆ ಹೂಡುವವರಿಗೆ, ಬಾಟಲಿ ಒಡೆಯುವವರಿಗೆ ತಲೆಗೆ 2,000 ರೂಪಾಯಿ, ಗುಂಪಿಗೆ 10,000 ರೂಪಾಯಿ ದಂಡ ಗೊತ್ತುಮಾಡಿತು. ಆ ತಿದ್ದುಪಡಿಯ ಹಿಂದೆ ಇದ್ದದ್ದು ಹೊರಗಿನಿಂದ ಗಾಡಿ ಮಾಡಿಕೊಂಡು ಬಂದು, ಮರಳ ಮೇಲೆ ಒಲೆ ಹೂಡಿ, ಎಲ್ಲ ಬಿಟ್ಟು ಹೋಗುವ ಗುಂಪುಗಳ ಮೇಲಿನ ಸಿಟ್ಟು. ಆ ಸಾಲಿನಲ್ಲಿ ಕೆಎ 22 ನಂಬರಿನ ಗಾಡಿಗಳೂ ಇರುತ್ತವೆಂದು ನಿಮಗೂ ಗೊತ್ತು. ದಂಡದ ಭಯಕ್ಕೆ ನಾವು ಸರಿಯಾಗಬೇಕೆಂದು ಹೇಳಲು ನನಗೆ ಸಂಕೋಚವಾಗುತ್ತದೆ. ಕಾನೂನು ಕಾಯುವ ಗಾರ್ಡು ಕಣಿವೆಗೆ ಒಬ್ಬರೂ ಇರುವುದಿಲ್ಲ ಎಂಬುದು ಒಂದು ಕಡೆ. ಯಾರೂ ನೋಡದ ಜಾಗಕ್ಕೆ ಹೋಗಬೇಕೆಂದೇ ನೀವು ಅಲ್ಲಿಗೆ ಹೋಗುವುದು ಇನ್ನೊಂದು ಕಡೆ. ಕಾವಲಿಲ್ಲದ ಜಾಗದ ಸುಖ ಬೇಕಾದವರು ಕಾವಲಿನ ಕೆಲಸವನ್ನೂ ತಾವೇ ಮಾಡಬೇಕಾಗುತ್ತದೆ. ಈಚಿನ ವರ್ಷಗಳಲ್ಲಿ ಮಳೆಗಾಲ ಬಂದರೆ ಖಾನಾಪುರದ ಕಾಡಿನ ಜಲಪಾತಗಳಿಗೆ ಪ್ರವೇಶ ನಿಷೇಧಿಸುವುದು ವಾಡಿಕೆಯಾಗಿದೆ. ಮುಖ್ಯ ಕಾರಣ ನೀರಿನ ಸೆಳೆತಕ್ಕೆ ಸಿಕ್ಕಿ ಜನ ಸಾಯುವುದು. ಅದು ಸರಿಯಾದ ಕಾರಣವೇ. ಕಸವೂ ಆ ಪಟ್ಟಿಗೆ ಸೇರಿದರೆ ನಿಷೇಧ ಮಳೆಗಾಲಕ್ಕೆ ಮಾತ್ರ ಉಳಿಯದು. ಚಹಾ, ಭಜಿ, ಊಟ ಮಾರಿ ಆ ನಾಲ್ಕು ತಿಂಗಳಲ್ಲಿ ಒಂದಿಷ್ಟು ಸಂಪಾದಿಸುವ ಜಾಂಬೋಟಿ, ಕಣಕುಂಬಿಯ ಸಣ್ಣ ಅಂಗಡಿಯವರಿಗೆ ಅದರ ಪೆಟ್ಟು ನಿಮಗಿಂತ ಮೊದಲು ಬೀಳುತ್ತದೆ.

'ಊರಿನವರೂ ಎಸೆಯುತ್ತಾರಲ್ಲ' ಎನ್ನುವವರಿಗೆ ಉತ್ತರ ಚಿಕ್ಕದು. ಎಸೆಯುತ್ತಾರೆ, ಅದೂ ತಪ್ಪು. ಆದರೆ ಅತಿಥಿಯಾಗಿ ಹೋದವರು ಮನೆಯವರ ತಪ್ಪನ್ನು ಎಣಿಸುತ್ತಾ ಕೂರುವುದು ನಮ್ಮ ಕಡೆಯ ರೂಢಿಯಲ್ಲ.

ಕಸವನ್ನು ವಾಪಸು ತಂದರೆ ಅದು ಎಲ್ಲಿಗೆ ಹೋಗುತ್ತದೆ ಎಂಬ ಪ್ರಶ್ನೆಯನ್ನು ಮಾತ್ರ ನಾನು ತಪ್ಪಿಸಿಕೊಳ್ಳಲಾರೆ. ಬೆಳಗಾವಿಗೆ ತಂದು ಹಾಕಿದ ಕಸ ತುರಮುರಿಗೆ ಹೋಗುತ್ತದೆ. ನಗರದ ಕಸವನ್ನೆಲ್ಲ ತಮ್ಮ ಮಗ್ಗುಲಿಗೆ ಸುರಿಯುತ್ತಾರೆಂದು ಆ ಊರಿನವರು ನೊಂದಿದ್ದಾರೆ, ಅವರ ನೋವು ನ್ಯಾಯವಾದದ್ದು. ಬಾಟಲಿಯೂ ರಟ್ಟೂ ಮರುಬಳಕೆಗೆ ಹೋದಾವು. ಪದರದ ಪ್ಯಾಕೆಟ್ಟು ಹೆಚ್ಚೆಂದರೆ ಸಿಮೆಂಟ್ ಕಾರ್ಖಾನೆಯ ಕುಲುಮೆಗೆ ಹೋದೀತು. ಹಾಗಾಗಿ ತರುವುದಕ್ಕಿಂತ ಒಯ್ಯದಿರುವುದು ಮೇಲು. ನಮ್ಮ ಹಿರಿಯರು ಮಲಪ್ರಭೆಯ ದಂಡೆಗೆ, ಯಲ್ಲಮ್ಮನ ಗುಡ್ಡಕ್ಕೆ ಬುತ್ತಿ ಕಟ್ಟಿಕೊಂಡು ಹೋದವರೇ. ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಮೊಸರನ್ನ, ಸ್ಟೀಲಿನ ಡಬ್ಬಿ, ಮುತ್ತುಗದ ಪತ್ರೋಳಿ. ಇಷ್ಟರಲ್ಲಿ ಹತ್ತು ಜನರ ಊಟ ಮುಗಿದು ಉಳಿಯುವುದು ಎಲೆ ಮಾತ್ರ. ಹಳೆಯ ಕಾಲ ಒಳ್ಳೆಯದಿತ್ತೆಂದು ಹಾಡಲು ನಾನು ಇದನ್ನು ಹೇಳುತ್ತಿಲ್ಲ. ಆ ಊಟಕ್ಕೆ ಕಸ ಹುಟ್ಟಿಸುವ ಗುಣವೇ ಇರಲಿಲ್ಲ ಎಂಬುದಷ್ಟೇ ಇಲ್ಲಿ ಮುಖ್ಯ. ಹೊರಡುವ ಮುನ್ನ ಅಡುಗೆಮನೆಯಲ್ಲಿ ಅರ್ಧ ಗಂಟೆ ಹೆಚ್ಚು ಕಳೆದರೆ ಕಣಿವೆಯಲ್ಲಿ ಕಸದ ಪ್ರಶ್ನೆ ಮುಕ್ಕಾಲು ಪಾಲು ಕರಗಿಹೋಗುತ್ತದೆ. ಆ ಅರ್ಧ ಗಂಟೆಯನ್ನು ಅಮ್ಮನ, ಅಕ್ಕನ ಹೆಗಲಿಗೆ ಹಾಕದೆ ಹೊರಡುವ ಹುಡುಗರೇ ಹಂಚಿಕೊಳ್ಳಬೇಕು ಎಂದೂ ಸೇರಿಸುತ್ತೇನೆ.

ಬಾಟಲಿಯ ವಿಷಯದಲ್ಲಿ ಉಪದೇಶಕ್ಕಿಂತ ಒಳ್ಳೆಯ ದಾರಿಯೊಂದು ಪಕ್ಕದ ರಾಜ್ಯದಲ್ಲಿ ಸಿದ್ಧವಾಗಿದೆ. ಕಾಡುಗಳಲ್ಲಿ ಒಡೆದ ಮದ್ಯದ ಬಾಟಲಿಗಳು ಆನೆ, ಕಾಟಿಗಳ ಕಾಲು ಸೀಳುತ್ತಿರುವುದನ್ನು ಗಮನಿಸಿದ ಮದ್ರಾಸ್ ಹೈಕೋರ್ಟಿನ ಸೂಚನೆಯಂತೆ, ತಮಿಳುನಾಡಿನ ಸರ್ಕಾರಿ ಮದ್ಯದಂಗಡಿಗಳು 2022ರ ಮೇ ತಿಂಗಳಿಂದ ನೀಲಗಿರಿ ಜಿಲ್ಲೆಯಲ್ಲಿ ಪ್ರತಿ ಬಾಟಲಿಗೆ 10 ರೂಪಾಯಿ ಹೆಚ್ಚು ಪಡೆದು, ಖಾಲಿ ಬಾಟಲಿ ತಂದುಕೊಟ್ಟಾಗ ಅದನ್ನು ಮರಳಿಸತೊಡಗಿದವು. ಖಾಲಿ ಬಾಟಲಿಗೆ ಬೆಲೆ ಬಂದದ್ದೇ ತಡ, ಕುಡಿದವರು ತರದಿದ್ದರೂ ಆಯುವವರು ತಂದುಕೊಡತೊಡಗಿದರು. ಆ ಏರ್ಪಾಡು ಬೇರೆ ಜಿಲ್ಲೆಗಳಿಗೂ ಹಬ್ಬಿತು. ನಮ್ಮಲ್ಲೂ ಸರ್ಕಾರದ್ದೇ ಎಂಎಸ್‌ಐಎಲ್ ಮಳಿಗೆಗಳಿವೆ, ಮದ್ಯದ ಸಗಟು ಹಂಚಿಕೆಯೂ ಸರ್ಕಾರದ ಕೈಯಲ್ಲೇ ಇದೆ. ಖಾನಾಪುರ ತಾಲ್ಲೂಕಿನಲ್ಲಿ ಇದನ್ನು ಮೊದಲು ಜಾರಿ ಮಾಡಿ ಎಂದು ಕೇಳಲು ಗವಳಿಗರು ಬೆಂಗಳೂರಿಗೆ ಹೋಗಲಾರರು. ನೀವು ಕೇಳಬಹುದು. ವ್ಯವಸ್ಥೆ ಬದಲಾಗಬೇಕು ಎನ್ನುವವರಿಗೆ ಇದಕ್ಕಿಂತ ಕೈಗೆಟಕುವ ಕೆಲಸ ಇನ್ನೊಂದಿಲ್ಲ. ಬಾಟಲಿ ಕೊಂಡವರೇ ಬಂದು ಈ ಬೇಡಿಕೆ ಇಟ್ಟರೆ ಅಬಕಾರಿ ಇಲಾಖೆ ಅದನ್ನು ತಳ್ಳಿಹಾಕುವುದು ಕಷ್ಟ.

ಹಾಗಾಗಿ ನನ್ನ ಬೇಡಿಕೆಗಳು ಎರಡು ಬಗೆಯವು. ನಿಮ್ಮ ನಿಮ್ಮ ಬಳಗದೊಳಗೆ ಮಾಡಬೇಕಾದದ್ದು ಒಂದು: ಹೊರಡುವ ಮುನ್ನವೇ ಒಬ್ಬರಿಗೆ ಕಸದ ಚೀಲದ ಜವಾಬ್ದಾರಿ ಕೊಡಿ, ನಿಮ್ಮದಷ್ಟನ್ನೇ ಅಲ್ಲ, ಕೂತ ಜಾಗದಲ್ಲಿ ಮೊದಲೇ ಬಿದ್ದಿದ್ದನ್ನೂ ಹೆಕ್ಕಿ ತನ್ನಿ. ರೀಲ್ಸ್‌ನಲ್ಲಿ ಜಲಪಾತದ ದಾರಿ ತೋರಿಸುವವರು ವಾಪಸು ತಂದ ಚೀಲವನ್ನೂ ತೋರಿಸಿ. ಆ ವಿಡಿಯೊ ನೋಡಿ ಹೋಗುವ ಮುಂದಿನ ನೂರು ಜನ ನಿಮ್ಮನ್ನೇ ಅನುಸರಿಸುತ್ತಾರೆ. ಎಲ್ಲ ಬಳಗಗಳು ಕೂಡಿ ಮಾಡಬೇಕಾದದ್ದು ಇನ್ನೊಂದು: ಬರುವ ಮಳೆಗಾಲಕ್ಕೆ ಮುಂಚೆ ಬೆಳಗಾವಿಯ ಜಿಲ್ಲಾಧಿಕಾರಿಗಳಿಗೆ ಒಂದು ಮನವಿ ಕೊಡಬೇಕು. ಖಾನಾಪುರ ತಾಲ್ಲೂಕಿನಲ್ಲಿ ಬಾಟಲಿ ಠೇವಣಿ. ಜಾಂಬೋಟಿ ಮತ್ತು ಕಣಕುಂಬಿಯಲ್ಲಿ ಪ್ರವಾಸಿ ಗಾಡಿಗಳಿಂದ ಸಣ್ಣದೊಂದು ಶುಲ್ಕ, ಆ ಹಣ ನೇರವಾಗಿ ಸ್ವಚ್ಛ ವಾಹಿನಿಯ ಹೆಣ್ಣುಮಕ್ಕಳ ಕೂಲಿಗೆ. ವಾಪಸಾಗುವ ಗಾಡಿಗಳು ಕಸ ಒಪ್ಪಿಸಲು ರಸ್ತೆಬದಿಯಲ್ಲೊಂದು ಕೇಂದ್ರ. ಬಳ್ಳಾರಿ ನಾಲಾದ ಕೊಳಚೆ ಶುದ್ಧವಾಗದೆ ಮಾರ್ಕಂಡೇಯ ಸೇರದಂತೆ ತಡೆಯಲು ಒಂದು ಗಡುವು. ಇವು ನಾಲ್ಕೂ ಒಂದೇ ಕಾಗದದಲ್ಲಿರಲಿ. ಮನವಿಯ ಕರಡನ್ನು ನೀವು ಬರೆಯುತ್ತೀರಾದರೆ ಕಾಕತಿ, ಕಂಗ್ರಾಳಿ, ಕಡೋಲಿಯಲ್ಲಿ ಮನೆಮನೆಗೆ ಹೋಗಿ ಸಹಿ ಮಾಡಿಸುವ ಕೆಲಸ ನನಗಿರಲಿ. ಮೇ ತಿಂಗಳೊಳಗೆ ಅದು ಜಿಲ್ಲಾಧಿಕಾರಿಗಳ ಕಚೇರಿ ತಲುಪಿರಬೇಕು.

ಇಂತಿ ನಿಮ್ಮ,
ಕಾಕತಿಯ ಮಾರ್ಕಂಡೇಯ ದಂಡೆಯವರಲ್ಲೊಬ್ಬರು